ಚರಂಡಿಯಾಗಿದ್ದ ನದಿಗೆ ಟ್ರೌಟ್ ಮರಳಿದ್ದು

ಮೀನುಗಳಲ್ಲಿ ಮಡಿವಂತ ಮೀನು ಯಾವುದೆಂದು ಕೇಳಿದರೆ ಬಲ್ಲವರು ಟ್ರೌಟ್‌ನ ಹೆಸರು ಹೇಳುತ್ತಾರೆ. ಅದಕ್ಕೆ ನೀರು ತಣ್ಣಗಿರಬೇಕು, ತಿಳಿಯಾಗಿರಬೇಕು, ಸದಾ ಹರಿಯುತ್ತಿರಬೇಕು. ಆ ನೀರಿನಲ್ಲಿ ಆಮ್ಲಜನಕ ಧಾರಾಳವಾಗಿ ಕರಗಿರಬೇಕು. ಮೊಟ್ಟೆಯಿಡಲು ಹೂಳು ತುಂಬದ ನೊರಜುಗಲ್ಲಿನ ಹಾಸು ಬೇಕು. ಕೆರೆಯ ಕೆಸರಿನಲ್ಲೇ ಹುಟ್ಟಿ ಕೆಸರಿನಲ್ಲೇ ಬಲಿಯುವ ನಮ್ಮ ಎಷ್ಟೋ ಮೀನುಗಳಂತೆ ಅದು ಹೊಂದಿಕೊಂಡು ಹೋಗುವ ಪ್ರಾಣಿಯಲ್ಲ. ನೀರು ಕೆಟ್ಟರೆ ಟ್ರೌಟ್ ದೂರು ಕೊಡುವುದಿಲ್ಲ, ಸುಮ್ಮನೆ ಇಲ್ಲವಾಗುತ್ತದೆ.

ಇಂಥ ಮೀನು ಲಂಡನ್ ಮಹಾನಗರದೊಳಗೆ, ರೈಲು ಸೇತುವೆಗಳ ಕೆಳಗೆ, ಅಂಗಡಿ ಸಂಕೀರ್ಣಗಳ ಹಿಂಬದಿಯಲ್ಲಿ ಹರಿಯುವ ಪುಟ್ಟ ನದಿಯೊಂದರಲ್ಲಿ ಈಜಾಡುತ್ತಿದೆ ಎಂದರೆ ಯಾರಿಗಾದರೂ ಅಚ್ಚರಿಯಾಗಬೇಕು. ಆ ನದಿಯನ್ನು 1960ರ ದಶಕದಲ್ಲಿ ಸರ್ಕಾರಿ ಕಡತಗಳೇ ಚರಂಡಿಯೆಂದು ಒಪ್ಪಿಕೊಂಡಿದ್ದವು ಎಂದು ತಿಳಿದಾಗ ಅಚ್ಚರಿ ಇಮ್ಮಡಿಯಾಗುತ್ತದೆ. ನದಿಯ ಹೆಸರು ವಾಂಡಲ್. ಅದು ಸತ್ತ ಬಗೆ, ಮತ್ತೆ ಬದುಕಿದ ಬಗೆ, ಅದರಲ್ಲಿ ಗಾಳ ಹಾಕುವವರು ವಹಿಸಿದ ಪಾತ್ರ – ಈ ಮೂರೂ ತಿಳಿದುಕೊಳ್ಳುವಂಥವು. ನಗರದ ನದಿಯೆಂದರೆ ಮೂಗು ಮುಚ್ಚಿಕೊಂಡು ದಾಟಬೇಕಾದ ಸಂಗತಿಯೆಂದು ನಂಬಿರುವ ನಮಗಂತೂ ಖಂಡಿತ.

ಸೀಮೆಸುಣ್ಣದ ಒಡಲಿನಿಂದ

ವಾಂಡಲ್ ದೊಡ್ಡ ನದಿಯೇನಲ್ಲ. ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಮತ್ತು ಕಾರ್ಷಾಲ್ಟನ್ ಪ್ರದೇಶಗಳ ಕೊಳಗಳಲ್ಲಿ ಹುಟ್ಟಿ, ಮಿಚಮ್, ಮಾರ್ಡನ್, ಮೆರ್ಟನ್‌ಗಳನ್ನು ಹಾದು, ವಾಂಡ್ಸ್‌ವರ್ತ್ ಎಂಬಲ್ಲಿ ಥೇಮ್ಸ್ ನದಿಯನ್ನು ಸೇರುವವರೆಗೆ ಅದರ ಹಾದಿ ಸುಮಾರು 15 ಕಿಲೋಮೀಟರ್. ಸ್ವಾರಸ್ಯವೆಂದರೆ ನದಿಯಿಂದ ಊರಿಗೆ ಹೆಸರು ಬಂದದ್ದಲ್ಲ. ವಾಂಡ್ಸ್‌ವರ್ತ್ ಎಂಬ ಊರಿನ ಹೆಸರಿನಿಂದಲೇ ನದಿಗೆ ವಾಂಡಲ್ ಎಂಬ ಹೆಸರು ಹುಟ್ಟಿತೆಂದು ಸ್ಥಳನಾಮಗಳನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ.

ನದಿ ಚಿಕ್ಕದಾದರೂ ಅದರ ಜಾತಿ ಅಪರೂಪದ್ದು. ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಸೀಮೆಸುಣ್ಣದ ಬೆಟ್ಟಗಳಿವೆ. ಶಾಲೆಯ ಕರಿಹಲಗೆಯ ಮೇಲೆ ಬರೆಯಲು ಬಳಸುತ್ತಿದ್ದ ಬಳಪದಂಥದೇ ಬಿಳಿಯ, ಮೃದುವಾದ ಕಲ್ಲು. ಬಿದ್ದ ಮಳೆಯನ್ನು ಈ ಕಲ್ಲು ಸ್ಪಂಜಿನಂತೆ ಹೀರಿಕೊಳ್ಳುತ್ತದೆ, ಸೋಸುತ್ತದೆ, ತಿಂಗಳುಗಟ್ಟಲೆ ಒಡಲಲ್ಲಿಟ್ಟುಕೊಂಡು ಬೆಟ್ಟದ ಬುಡದಲ್ಲಿ ಚಿಲುಮೆಯಾಗಿ ಹೊರಬಿಡುತ್ತದೆ. ಹೀಗೆ ಹೊರಬರುವ ನೀರು ಸ್ಫಟಿಕದಂತೆ ತಿಳಿ. ಬೇಸಿಗೆಯಿರಲಿ ಚಳಿಗಾಲವಿರಲಿ, ಚಿಲುಮೆಯಲ್ಲಿ ಅದರ ಉಷ್ಣಾಂಶ ಹೆಚ್ಚುಕಡಿಮೆ 10-11 ಡಿಗ್ರಿ ಸೆಲ್ಸಿಯಸ್. ಜಗತ್ತಿನಲ್ಲಿ ಇಂಥ ನದಿಗಳು ಕೆಲವು ನೂರು ಮಾತ್ರ. ಅವುಗಳಲ್ಲಿ ಬಹುಪಾಲು ಇಂಗ್ಲೆಂಡಿನಲ್ಲೇ ಇವೆ. ಟ್ರೌಟ್‌ಗೆ ಇದಕ್ಕಿಂತ ಹಿತವಾದ ಮನೆ ಬೇರೆ ಸಿಗಲಾರದು.

ಚಳಿಗಾಲದ ಆರಂಭದಲ್ಲಿ ಹೆಣ್ಣು ಟ್ರೌಟ್ ತನ್ನ ಬಾಲದಿಂದ ನೊರಜುಗಲ್ಲನ್ನು ಕೆದಕಿ ಗುಳಿ ತೋಡುತ್ತದೆ. ಅದರಲ್ಲಿ ಮೊಟ್ಟೆಯಿಟ್ಟು, ಗಂಡು ಅದನ್ನು ಫಲವತ್ತಾಗಿಸಿದ ಮೇಲೆ, ಮೇಲಿನಿಂದ ಕಲ್ಲು ಮುಚ್ಚುತ್ತದೆ. ಎರಡು ಮೂರು ತಿಂಗಳ ಕಾಲ ಆ ಮೊಟ್ಟೆಗಳು ಕಲ್ಲುಗಳ ಸಂದಿಯಲ್ಲಿ ಹರಿಯುವ ನೀರಿನಿಂದಲೇ ಉಸಿರಾಡಬೇಕು. ಸಂದಿಗಳಲ್ಲಿ ಹೂಳು ತುಂಬಿದರೆ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ. ಆದ್ದರಿಂದ ಟ್ರೌಟ್ ಒಂದು ನದಿಯಲ್ಲಿ ಬದುಕುವುದು ಬೇರೆ, ಸಂಸಾರ ಹೂಡುವುದು ಬೇರೆ. ದೊಡ್ಡ ಮೀನನ್ನು ಎಲ್ಲಿಂದಲೋ ತಂದು ಬಿಡಬಹುದು. ಆದರೆ ನದಿಯಲ್ಲೇ ಹುಟ್ಟಿದ ಮರಿ ಕಾಣಿಸಿಕೊಂಡರೆ ಮಾತ್ರ ಆ ನದಿ ನಿಜವಾಗಿ ಬದುಕಿದೆ ಎಂದರ್ಥ.

ನೊಣದ ಗಾಳವೆಂಬ ಕಲೆ

ಗಾಳಕ್ಕೆ ಎರೆಹುಳು ಸಿಕ್ಕಿಸಿ, ಬೆಂಡು ಕಟ್ಟಿ, ಹಳ್ಳದ ದಂಡೆಯಲ್ಲಿ ಕಾಯುತ್ತ ಕೂರುವುದು ನಮಗೆ ಗೊತ್ತು. ಈ ಹುಚ್ಚು ಮನುಷ್ಯನಿಗೆ ಹಿಡಿದರೆ ಹೇಗಿರುತ್ತದೆಂಬುದನ್ನು ಪೂರ್ಣಚಂದ್ರ ತೇಜಸ್ವಿಯವರ ಬರಹಗಳ ಮೂಲಕ ಕನ್ನಡ ಓದುಗರು ಬಲ್ಲರು. ಟ್ರೌಟ್ ಹಿಡಿಯುವವರ ವಿಧಾನ ಇದಕ್ಕಿಂತ ಭಿನ್ನವಾದದ್ದು. ಅದನ್ನು ನೊಣದ ಗಾಳ ಎನ್ನಬಹುದು.

ಟ್ರೌಟ್‌ನ ಮುಖ್ಯ ಆಹಾರಗಳಲ್ಲಿ ನೀರಿನ ಹುಳುಗಳೂ ಸೇರಿವೆ. ಮೇಫ್ಲೈ ಎಂಬ ಹುಳುವನ್ನೇ ನೋಡಿ. ಅದರ ಬಾಲ್ಯವೆಲ್ಲ ಕಳೆಯುವುದು ನದಿಯ ತಳದ ಕಲ್ಲುಗಳಡಿಯಲ್ಲಿ, ಹೂಳಿನಲ್ಲಿ. ಕೆಲವು ಜಾತಿಗಳಿಗೆ ಕೆಲವು ತಿಂಗಳು, ಕೆಲವಕ್ಕೆ ಒಂದೆರಡು ವರ್ಷ. ಆಮೇಲೆ ಒಂದು ದಿನ ನೀರಿನ ಮೇಲಕ್ಕೆ ಬಂದು, ಪೊರೆ ಕಳಚಿ, ರೆಕ್ಕೆ ಬಿಚ್ಚಿ ಹಾರುತ್ತದೆ. ರೆಕ್ಕೆ ಬಂದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ. ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ ಬದುಕಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ನಮ್ಮಲ್ಲಿ ಮೊದಲ ಮಳೆಗೆ ಈಸಲು ಹುಳುಗಳು ಎದ್ದಾಗ ಕಾಗೆ ಗೊರವಂಕಗಳಿಗೆ ಹಬ್ಬವಾಗುವಂತೆ, ಮೇಫ್ಲೈ ಎದ್ದಾಗ ಟ್ರೌಟ್‌ಗೆ ಹಬ್ಬ. ನೀರಿನ ಮೇಲೆ ತೇಲುವ ಹುಳುವನ್ನು ಅದು ಕೆಳಗಿನಿಂದ ಬಂದು ಮೆಲ್ಲನೆ ಹೀರಿಕೊಂಡಾಗ ನೀರಲ್ಲಿ ಒಂದು ಉಂಗುರ ಮೂಡುತ್ತದೆ. ಗಾಳಗಾರ ಕಾಯುವುದು ಆ ಉಂಗುರಕ್ಕೆ.

ಅವನ ಗಾಳದ ಕೊಕ್ಕೆಗೆ ಜೀವಂತ ಹುಳು ಇರುವುದಿಲ್ಲ. ಹಕ್ಕಿಯ ಗರಿ, ಪ್ರಾಣಿಯ ತುಪ್ಪಳು, ರೇಷ್ಮೆಯ ಎಳೆಗಳನ್ನು ಕೊಕ್ಕೆಗೆ ಸುತ್ತಿ, ನೊಣವನ್ನೇ ಹೋಲುವ ಬೊಂಬೆಯನ್ನು ಅವನು ಕಟ್ಟಿರುತ್ತಾನೆ. ಈ ಬೊಂಬೆಗೆ ತೂಕವೇ ಇಲ್ಲ. ತೂಕವಿಲ್ಲದ್ದನ್ನು ಹತ್ತಾರು ಮಾರು ದೂರಕ್ಕೆ ಎಸೆಯುವುದು ಹೇಗೆ? ಉಳಿದ ಗಾಳಗಳಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ದಾರಕ್ಕೇ ತೂಕ. ಬಳುಕುವ ಕೋಲಿನಿಂದ ದಾರವನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಚಾಟಿಯಂತೆ ಬೀಸಿ ಬಿಟ್ಟರೆ, ಅದು ಸುರುಳಿ ಬಿಚ್ಚುತ್ತ ಹೋಗಿ ತುದಿಯ ನೊಣವನ್ನು ನೀರಿನ ಮೇಲೆ ಹೂವಿನಂತೆ ಇಳಿಸುತ್ತದೆ. ದಾರ ಸದ್ದುಮಾಡಿದರೆ, ನೆರಳು ಬಿದ್ದರೆ, ಹರಿವಿನ ವೇಗಕ್ಕಿಂತ ನೊಣ ತುಸು ಬೇಗ ಸರಿದರೂ ಸಾಕು, ಮೀನು ಹತ್ತಿರ ಸುಳಿಯುವುದಿಲ್ಲ.

ತೇಲುವ ನೊಣದ ಈ ವಿಧಾನಕ್ಕೆ ಶಾಸ್ತ್ರದ ರೂಪ ಕೊಟ್ಟವನು ಫ್ರೆಡರಿಕ್ ಹಾಲ್ಫರ್ಡ್ (1844-1914). 1886ರಲ್ಲಿ ಪ್ರಕಟವಾದ ಅವನ ಪುಸ್ತಕವನ್ನು ಗಾಳಗಾರರು ಬಹುಕಾಲ ಪ್ರಮಾಣಗ್ರಂಥದಂತೆ ಕಂಡರು. ನದಿಯ ಮೇಲೆ ಆ ಹೊತ್ತಿಗೆ ಯಾವ ಹುಳು ಎದ್ದಿದೆಯೋ ಅದನ್ನೇ ಹೋಲುವ ನೊಣವನ್ನು ಕಟ್ಟಬೇಕು ಎಂಬುದು ಅವನ ಮಾತಿನ ಸಾರ. ಹಾಲ್ಫರ್ಡ್ ಈ ವಿದ್ಯೆಯ ಮೊದಲ ಪಾಠಗಳನ್ನು ಕಲಿತದ್ದು ಇದೇ ವಾಂಡಲ್ ನದಿಯಲ್ಲಿ. ಅವನಿಗಿಂತ ಬಹಳ ಮುಂಚೆಯೇ ಇನ್ನೊಬ್ಬ ಪ್ರಸಿದ್ಧ ವ್ಯಕ್ತಿ ವಾಂಡಲ್ ದಂಡೆಯಲ್ಲಿ ನೆಲೆಸಿದ್ದ. 1801ರಲ್ಲಿ ಮೆರ್ಟನ್‌ನಲ್ಲಿ ಮನೆ ಕೊಂಡ ನೌಕಾಪಡೆಯ ದಂಡನಾಯಕ ನೆಲ್ಸನ್. ಯುದ್ಧದಲ್ಲಿ ಬಲಗೈ ಕಳೆದುಕೊಂಡ ಮೇಲೂ ಎಡಗೈಯಲ್ಲೇ ನೊಣದ ಗಾಳ ಬೀಸುತ್ತಿದ್ದನೆಂದು ವಿಜ್ಞಾನಿ ಹಂಫ್ರಿ ಡೇವಿ ಬರೆದಿದ್ದಾನೆ. ನೆಲ್ಸನ್‌ನ ತೋಟದಲ್ಲಿ ಹಾದುಹೋಗುತ್ತಿದ್ದ ವಾಂಡಲ್‌ನ ಕವಲಿಗೆ ಅವನ ಗೆಳತಿ ಎಮ್ಮಾ ಹ್ಯಾಮಿಲ್ಟನ್ ನೈಲ್ ಎಂದು ಹೆಸರಿಟ್ಟಿದ್ದಳು. ಅವನು ಗೆದ್ದ ನೈಲ್ ಕದನದ ನೆನಪಿಗೆ.

ಚೀಟಿ ಬಟ್ಟೆಯ ನೀರು

ಟ್ರೌಟ್‌ಗೆ ಇಷ್ಟವಾದ ಗುಣಗಳೇ ಮನುಷ್ಯನಿಗೂ ಇಷ್ಟವಾದವು. ವಾಂಡಲ್ ಬತ್ತದ ನದಿ, ಹೆಪ್ಪುಗಟ್ಟದ ನದಿ. ಅದರ ಇಳಿಜಾರು ನೀರಿನ ಚಕ್ರ ತಿರುಗಿಸಲು ಹೇಳಿ ಮಾಡಿಸಿದಂತಿತ್ತು. ಹಿಟ್ಟಿನ ಗಿರಣಿ, ನಶ್ಯದ ಗಿರಣಿ, ಕಾಗದದ ಗಿರಣಿ, ತಾಮ್ರದ ಗಿರಣಿ, ಚರ್ಮ ಹದ ಮಾಡುವ ಕಾರ್ಖಾನೆ, ಹೀಗೆ ದಂಡೆಯುದ್ದಕ್ಕೂ ಡಜನುಗಟ್ಟಲೆ ಉದ್ಯಮಗಳೆದ್ದವು. ಗಾತ್ರಕ್ಕೆ ಹೋಲಿಸಿದರೆ ಇಷ್ಟು ದುಡಿದ ನದಿ ಬೇರೊಂದಿಲ್ಲ ಎನ್ನುವವರುಂಟು. ಈ ಕಾರ್ಖಾನೆಗಳ ಸರಕು ಸಾಗಿಸಲೆಂದೇ ವಾಂಡ್ಸ್‌ವರ್ತ್‌ನಿಂದ ಕ್ರಾಯ್ಡನ್‌ಗೆ 1803ರಲ್ಲಿ ಕುದುರೆ ಎಳೆಯುವ ರೈಲುದಾರಿ ತೆರೆಯಿತು. ಉಗಿಬಂಡಿಯ ಕಾಲಕ್ಕೂ ಹಿಂದಿನ ಸಂಗತಿ ಅದು.

ಇಲ್ಲಿ ನಮ್ಮ ದೇಶದ ಎಳೆಯೊಂದು ಬಂದು ಸೇರುತ್ತದೆ. ಹದಿನೇಳನೆಯ ಶತಮಾನದ ಕೊನೆಗೆ ಭಾರತದ ಬಣ್ಣದ ಹತ್ತಿಬಟ್ಟೆಗೆ ಇಂಗ್ಲೆಂಡ್ ಮರುಳಾಗಿತ್ತು. ಕಲ್ಲಿಕೋಟೆಯ ಹೆಸರಿನಿಂದ ಬಂದ ಕ್ಯಾಲಿಕೋ ಎಂಬ ಪದ, ನಮ್ಮ ಅಜ್ಜಿಯರು ಚೀಟಿ ಬಟ್ಟೆ ಎನ್ನುತ್ತಿದ್ದ ಹೂವಿನ ಅಚ್ಚಿನ ಬಟ್ಟೆ, ಎರಡೂ ಅಲ್ಲಿ ಮನೆಮಾತಾದವು. ಅಲ್ಲಿನ ಉಣ್ಣೆ ರೇಷ್ಮೆಯ ನೇಕಾರರು ಬೊಬ್ಬೆಯಿಟ್ಟರು. ಅಚ್ಚು ಹಾಕಿದ ಭಾರತೀಯ ಬಟ್ಟೆಯ ಆಮದನ್ನು 1700ರ ಕಾನೂನು ನಿಷೇಧಿಸಿತು. ಆದರೆ ಬಿಳಿ ಬಟ್ಟೆ ಬರಲು ಅಡ್ಡಿಯಿರಲಿಲ್ಲ. ಹಾಗಾದರೆ ಬಿಳಿ ಬಟ್ಟೆ ತರಿಸಿ ಇಲ್ಲೇ ಅಚ್ಚು ಹಾಕೋಣವೆಂದು ಲಂಡನ್ನಿನ ಬಣ್ಣಗಾರರು ಹೊರಟರು. ಅದಕ್ಕೆ ಬೇಕಾದದ್ದು ಧಾರಾಳವಾದ ತಿಳಿನೀರು ಮತ್ತು ಬಟ್ಟೆ ಹರವಿ ಚಲುವೆ ಮಾಡಲು ವಿಶಾಲವಾದ ಹುಲ್ಲುಗಾವಲು. ಎರಡೂ ವಾಂಡಲ್ ದಂಡೆಯಲ್ಲಿದ್ದವು. 1721ರಲ್ಲಿ ಇನ್ನಷ್ಟು ಕಠಿಣ ಕಾನೂನು ಬಂದು, 1774ರಲ್ಲಿ ಅದು ರದ್ದಾದ ಮೇಲೆ ಈ ಉದ್ಯಮ ಇನ್ನೂ ಬೆಳೆಯಿತು. ಭಾರತದ ಕುಶಲಕರ್ಮಿಯ ಕೈಯಿಂದ ಜಾರಿದ ಕಸುಬಿನ ಒಂದು ಪಾಲು ಈ ಪುಟ್ಟ ಇಂಗ್ಲಿಷ್ ನದಿಯ ದಂಡೆಯಲ್ಲಿ ನೆಲೆಯೂರಿತು ಎನ್ನಬಹುದು.

1881ರಲ್ಲಿ ಕವಿಯೂ ವಿನ್ಯಾಸಕಾರನೂ ಆದ ವಿಲಿಯಂ ಮಾರಿಸ್ ತನ್ನ ಕಾರ್ಯಾಗಾರವನ್ನು ಮೆರ್ಟನ್ ಅಬೆಗೆ ತಂದ. ರಾಸಾಯನಿಕ ಬಣ್ಣಗಳನ್ನು ಒಲ್ಲದೆ ನೀಲಿಗಿಡದ ನೀಲಿ, ಮಂಜಿಷ್ಠದ ಜಾತಿಯ ಬೇರಿನ ಕೆಂಪನ್ನು ಮತ್ತೆ ಬಳಕೆಗೆ ತಂದವನು ಅವನು. ಅವನ ಬಟ್ಟೆಗಳು ತೊಳೆದದ್ದು ವಾಂಡಲ್ ನೀರಿನಲ್ಲಿ. 1884ರ ಒಂದು ವಿನ್ಯಾಸಕ್ಕೆ ಅವನು ಈ ನದಿಯ ಹೆಸರನ್ನೇ ಇಟ್ಟ.

ನದಿ ಸತ್ತ ಬಗೆ

ಗಿರಣಿಗಳಿಗಿಂತ ದೊಡ್ಡ ಪೆಟ್ಟು ಬಿದ್ದದ್ದು ಊರು ಬೆಳೆದಾಗ. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ ದಕ್ಷಿಣಕ್ಕೆ ಹಬ್ಬುತ್ತ ಹೋಯಿತು. ಸಾವಿರಾರು ಮನೆಗಳ ಕೊಳಚೆ, ಬಣ್ಣದ ರೊಚ್ಚು, ಚರ್ಮದ ಕಾರ್ಖಾನೆಯ ಹೊಲಸು ಎಲ್ಲವೂ ನದಿಗೆ ಬಂದವು. ಅದೇ ಹೊತ್ತಿಗೆ ಕುಡಿಯುವ ನೀರಿಗಾಗಿ ಸೀಮೆಸುಣ್ಣದ ಬೆಟ್ಟದಲ್ಲಿ ಬಾವಿ ಕೊರೆದು ಅಂತರ್ಜಲ ಎತ್ತಿದ್ದರಿಂದ ಚಿಲುಮೆಗಳು ಸೊರಗಿದವು. ಬರುವ ಹೊಲಸು ಹೆಚ್ಚಿತು, ಅದನ್ನು ತೊಳೆಯುವ ನೀರು ತಗ್ಗಿತು. ನದಿ ಸಾಯಲು ಇಷ್ಟು ಸಾಕು.

ಇದನ್ನು ಕಂಡು ನೊಂದವರಲ್ಲಿ ಜಾನ್ ರಸ್ಕಿನ್ ಒಬ್ಬ. ಗಾಂಧೀಜಿ 1904ರಲ್ಲಿ ದಕ್ಷಿಣ ಆಫ್ರಿಕಾದ ರೈಲಿನಲ್ಲಿ ಓದಿ, ಬಾಳಿನ ದಾರಿಯನ್ನೇ ಬದಲಿಸಿಕೊಂಡು, ಮುಂದೆ 'ಸರ್ವೋದಯ' ಎಂದು ಗುಜರಾತಿಗೆ ತಂದ ಪುಸ್ತಕದ ಕರ್ತೃ ಇವನೇ. ಕಾರ್ಷಾಲ್ಟನ್ನಿನ ಚಿಲುಮೆಗಳನ್ನು ರಸ್ಕಿನ್ ಬಾಲ್ಯದಿಂದ ಬಲ್ಲ. ಅಲ್ಲಿನ ಕೊಳಗಳಿಗೆ ಜನ ಕಸ ಸುರಿಯುತ್ತಿರುವುದನ್ನು 1866ರಲ್ಲೇ ಕಟುವಾಗಿ ಬರೆದ. ತಾಯಿ ತೀರಿಕೊಂಡ ಮೇಲೆ ಆಕೆಯ ನೆನಪಿಗೆ ಅಲ್ಲಿನ ಒಂದು ಕೊಳವನ್ನು ತನ್ನ ಖರ್ಚಿನಲ್ಲಿ ಶುದ್ಧಗೊಳಿಸಿದ. ಆದರೆ ಒಬ್ಬ ಸಜ್ಜನ ಒಂದು ಕೊಳವನ್ನು ತೊಳೆಸಬಹುದು. ಕೆಳಗೆ ಹರಿಯುವ ನದಿಗೆ ಊರೆಲ್ಲ ಸೇರಿ ಸುರಿಯುವುದನ್ನು ತಡೆಯಲಾರ. 1876ರಲ್ಲಿ ನದಿ ಮಾಲಿನ್ಯ ತಡೆಯಲು ಕಾನೂನೇನೋ ಬಂತು, ಅದು ಕಾಗದದಲ್ಲೇ ಉಳಿಯಿತು. 1930ರ ದಶಕದ ವೇಳೆಗೆ ವಾಂಡಲ್‌ನ ಟ್ರೌಟ್ ಕಥೆ ಮುಗಿಯಿತು. ಚರ್ಮಕ್ಕೆ ಬಳಿಯುವ ಬಣ್ಣ ಆ ದಿನ ಯಾವುದೋ ನದಿಯ ಬಣ್ಣವೂ ಅದೇ ಎಂಬಂತಾಯಿತು. ಕೆಂಪಿನ ದಿನ ಕೆಂಪು, ನೀಲಿಯ ದಿನ ನೀಲಿ. ವಾಂಡಲ್ ಸೇರುವ ಥೇಮ್ಸ್‌ನ ಗತಿಯೂ ಅದೇ. 1957ರಲ್ಲಿ ಜೀವಿಗಳ ಮಟ್ಟಿಗೆ ಲಂಡನ್ನಿನ ಥೇಮ್ಸ್ ಸತ್ತಿದೆಯೆಂದು ತಜ್ಞರು ಸಾರಿದ್ದರು.

ಮರುಹುಟ್ಟು

ಮರುಹುಟ್ಟಿಗೆ ಕಾರಣ ಒಂದಲ್ಲ, ಹಲವು. ಮೊದಲನೆಯದು ಆರ್ಥಿಕ. ಹಳೆಯ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಎರಡನೆಯದು ಕಾನೂನು. 1951, 1961, 1974ರಲ್ಲಿ ಒಂದರ ಮೇಲೊಂದು ಕಾಯಿದೆ ಬಂದು, 1989ರಲ್ಲಿ ನದಿಗಳ ಉಸ್ತುವಾರಿಗೆ ಪ್ರತ್ಯೇಕ ಪ್ರಾಧಿಕಾರ ಸ್ಥಾಪನೆಯಾಯಿತು. ಕೊಳಚೆ ಬಿಡುವವನೇ ತನ್ನ ಮೇಲೆ ತಾನೇ ಕಣ್ಣಿಡುವ ಪದ್ಧತಿ ತಪ್ಪಿತು. ಮೂರನೆಯದು ಕೊಳಚೆ ಶುದ್ಧೀಕರಣ. ಬೆಡಿಂಗ್ಟನ್ ಎಂಬಲ್ಲಿನ ಶುದ್ಧೀಕರಣ ಘಟಕ ದೊಡ್ಡ ಪ್ರದೇಶದ ಕೊಳಚೆಯನ್ನು ಸಂಸ್ಕರಿಸಿ ನದಿಗೆ ಬಿಡುತ್ತದೆ. ಅಲ್ಲಿಂದ ಕೆಳಗೆ ವಾಂಡಲ್‌ನಲ್ಲಿ ಹರಿಯುವ ನೀರಿನ ಹೆಚ್ಚಿನ ಪಾಲು ಹೀಗೆ ಸಂಸ್ಕರಿಸಿದ ನೀರೇ. ಟ್ರೌಟ್‌ನಂಥ ಮಡಿವಂತ ಮೀನು ಲಂಡನ್ನಿಗರ ಸ್ನಾನದ ಮನೆ, ಅಡುಗೆ ಮನೆ, ಪಾಯಿಖಾನೆಗಳಿಂದ ಹೊರಟ ನೀರಿನಲ್ಲಿ ಬದುಕಿದೆ ಎಂದರೆ ಆ ಘಟಕದ ಕೆಲಸ ಎಷ್ಟು ಮುಖ್ಯ ಎಂಬುದು ತಿಳಿಯುತ್ತದೆ.

ಆದರೆ ನೀರು ಶುದ್ಧವಾದ ಮಾತ್ರಕ್ಕೆ ಟ್ರೌಟ್ ಬಂದುಬಿಡಲಿಲ್ಲ. ಬರಲು ದಾರಿಯಿರಲಿಲ್ಲ. ಗಿರಣಿಗಳು ಹೋದರೂ ಅವುಗಳಿಗಾಗಿ ಕಟ್ಟಿದ ಒಡ್ಡುಗಳು ಉಳಿದಿದ್ದವು. ಒಡ್ಡಿನ ಹಿಂದೆ ನೀರು ನಿಂತು ಹೂಳು ತುಂಬಿತ್ತು. ದಂಡೆಗಳಿಗೆ ಕಾಂಕ್ರೀಟು ಹಾಕಲಾಗಿತ್ತು. ನದಿಯೊಳಗೆ ಟೈರು, ಸೈಕಲ್ಲು, ಅಂಗಡಿಯ ತಳ್ಳುಬುಟ್ಟಿ, ಹಾಸಿಗೆ ಏನುಂಟು ಏನಿಲ್ಲ!

ಇಲ್ಲಿ ಮುಂದೆ ಬಂದವರು ಸ್ಥಳೀಯರು, ಅದರಲ್ಲೂ ಗಾಳಗಾರರು. 2000ದ ಆಸುಪಾಸಿನಲ್ಲಿ ಹುಟ್ಟಿಕೊಂಡ ವಾಂಡಲ್ ಟ್ರಸ್ಟ್ ತಿಂಗಳಿಗೊಮ್ಮೆ ಸ್ವಯಂಸೇವಕರನ್ನು ಕರೆದು ನದಿಗಿಳಿಸಿತು. ಎದೆಯ ಮಟ್ಟದ ರಬ್ಬರ್ ದಿರಿಸು ತೊಟ್ಟು, ಕೈಯಲ್ಲಿ ಕೊಕ್ಕೆ ಹಿಡಿದು, ಅವರು ಟನ್‌ಗಟ್ಟಲೆ ಕಸ ಎಳೆದು ಹಾಕಿದರು. ಶಾಲೆಗಳ ತರಗತಿಯಲ್ಲಿ ತಣ್ಣೀರಿನ ಗಾಜಿನ ತೊಟ್ಟಿಯಿಟ್ಟು, ಟ್ರೌಟ್ ಮೊಟ್ಟೆಗಳನ್ನು ಕೊಟ್ಟು, ಮರಿಯಾಗಿ ಬೆಳೆಯುವುದನ್ನು ಮಕ್ಕಳೇ ನೋಡಿಕೊಳ್ಳುವಂತೆ ಮಾಡಿ, ವಸಂತದಲ್ಲಿ ಅವರ ಕೈಯಿಂದಲೇ ನದಿಗೆ ಬಿಡಿಸಿದರು. ಬಿಟ್ಟ ಮರಿಗಳಲ್ಲಿ ಬದುಕುಳಿಯುವವು ಕಡಿಮೆಯೇ. ಆದರೆ ತಾನು ಸಾಕಿದ ಮೀನು ಇರುವ ನದಿಗೆ ಕಸ ಎಸೆಯಲು ಯಾವ ಮಗುವಿಗೆ ಮನಸ್ಸು ಬರುತ್ತದೆ? ಆ ಮಗು ತಂದೆ ತಾಯಿಗೂ ಎಸೆಯಲು ಬಿಡುವುದಿಲ್ಲ.

ಆಮೇಲೆ ಒಡ್ಡುಗಳ ಸರದಿ. ತೆಗೆಯಬಹುದಾದದ್ದನ್ನು ತೆಗೆದರು, ತಗ್ಗಿಸಬಹುದಾದದ್ದನ್ನು ತಗ್ಗಿಸಿದರು, ಉಳಿದ ಕಡೆ ಮೀನು ಹತ್ತಿ ಹೋಗಲು ಮೆಟ್ಟಿಲಿನಂಥ ದಾರಿ ಮಾಡಿದರು. ನೊರಜುಗಲ್ಲು ತಂದು ಸುರಿದರು. ನೇರವಾಗಿದ್ದ ಹರಿವಿಗೆ ಮರದ ದಿಮ್ಮಿ ಅಡ್ಡವಿಟ್ಟು ಬಳುಕು ತಂದರು. ಎಲ್ಲಿ ನೀರು ಬಳುಕುತ್ತದೋ ಅಲ್ಲಿ ಮಡುವೂ ಆಗುತ್ತದೆ, ಹೂಳು ತೊಳೆದುಹೋಗುವ ತೆಳುನೀರಿನ ಜಾಗವೂ ಆಗುತ್ತದೆ. ಮುಂದೆ ನದಿಯಲ್ಲೇ ಹುಟ್ಟಿದ ಟ್ರೌಟ್ ಮರಿಗಳು ಕಾಣಿಸಿಕೊಂಡವು. ಯಾರೂ ತಂದು ಬಿಡದ ಆ ಮರಿಗಳೇ ಇಷ್ಟು ವರ್ಷದ ದುಡಿಮೆಗೆ ಸಿಕ್ಕ ಪ್ರಮಾಣಪತ್ರ.

ವಾಂಡಲ್ ಒಂದೇ ಅಲ್ಲ. ಉಕ್ಕಿನ ಊರಾದ ಶೆಫೀಲ್ಡಿನ ಡಾನ್ ನದಿಗೂ ಟ್ರೌಟ್ ಮರಳಿದೆ. ಥಿಯೋ ಪೈಕ್ ಎಂಬ ಗಾಳಗಾರ 2012ರಲ್ಲಿ ಬರೆದ 'ಟ್ರೌಟ್ ಇನ್ ಡರ್ಟಿ ಪ್ಲೇಸಸ್' ಎಂಬ ಪುಸ್ತಕ ಬ್ರಿಟನ್ನಿನ ಪಟ್ಟಣಗಳ ನಡುವೆ ನೊಣದ ಗಾಳ ಬೀಸಬಹುದಾದ 50 ನದಿಗಳನ್ನು ಪಟ್ಟಿ ಮಾಡಿದೆ. ಕೊಳಕು ಜಾಗಗಳಲ್ಲಿ ಟ್ರೌಟ್ ಎಂಬ ಅರ್ಥದ ಆ ಹೆಸರೇ ಎಲ್ಲವನ್ನೂ ಹೇಳುತ್ತದೆ.

ಕೆಲವೇ ಗಂಟೆಗಳ ವಿಷ

ಇಷ್ಟಕ್ಕೇ ಕಥೆ ಸುಖಾಂತವಾಯಿತೆಂದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 2007ರ ಸೆಪ್ಟೆಂಬರಿನಲ್ಲಿ ಅದೇ ಬೆಡಿಂಗ್ಟನ್ ಘಟಕದಲ್ಲಿ ಶೋಧಕಗಳನ್ನು ತೊಳೆಯುವಾಗ, ಬಟ್ಟೆಯ ಬಿಳುಪಿಗೆ ಬಳಸುವಂಥ ಪ್ರಬಲ ಕ್ಲೋರಿನ್ ದ್ರಾವಣ ನದಿಗೆ ಹರಿದುಹೋಯಿತು. ಸುಮಾರು 5 ಕಿಲೋಮೀಟರ್ ಉದ್ದಕ್ಕೆ ಸಾವಿರಾರು ಮೀನು ಸತ್ತು ತೇಲಿದವು. ವರ್ಷಗಟ್ಟಲೆ ಕಟ್ಟಿದ್ದನ್ನು ಕೆಲವೇ ಗಂಟೆಗಳು ಅಳಿಸಿಹಾಕಿದವು. ನದಿಯನ್ನು ಬದುಕಿಸಿದ ಘಟಕವೇ ಅದನ್ನು ಮತ್ತೆ ಕೊಂದಿತ್ತು.

ಘಟಕ ನಡೆಸುವ ಥೇಮ್ಸ್ ವಾಟರ್ ಕಂಪನಿ ತಪ್ಪೊಪ್ಪಿಕೊಂಡಿತು. 2009ರಲ್ಲಿ ನ್ಯಾಯಾಲಯ 1,25,000 ಪೌಂಡ್ ದಂಡ ಹಾಕಿತು. 2010ರಲ್ಲಿ ಮೇಲ್ಮನವಿಯಲ್ಲಿ ಅದು 50,000ಕ್ಕೆ ಇಳಿಯಿತು. ಆದರೆ ಈ ಪ್ರಕರಣದಲ್ಲಿ ದಂಡಕ್ಕಿಂತ ಮುಖ್ಯವಾದದ್ದು ಬೇರೆ. ನದಿಯ ಪರವಾಗಿ ಕೇಳುವವರು ಆಗಲೇ ದಂಡೆಯ ಮೇಲೆ ಸಂಘಟಿತರಾಗಿ ನಿಂತಿದ್ದರು. ಅವರೊಡನೆ ಕೂತು ಮಾತಾಡಿ, ನದಿಯ ಪುನಶ್ಚೇತನಕ್ಕೆ ಸುಮಾರು 5 ಲಕ್ಷ ಪೌಂಡ್ ಕೊಡಲು ಕಂಪನಿ ಒಪ್ಪಿತು. ಒಡ್ಡುಗಳ ಕೆಲಸಕ್ಕೂ ಮೀನುದಾರಿಗಳಿಗೂ ಅದು ಬಲ ಕೊಟ್ಟಿತು. ಅಪಾಯವೇನೂ ತೀರಿಲ್ಲ. 2025ರ ಫೆಬ್ರವರಿಯಲ್ಲಿ ಬಸ್ ಡಿಪೋವೊಂದರಿಂದ ಸಾವಿರಾರು ಲೀಟರ್ ಡೀಸೆಲ್ ಮಳೆನೀರಿನ ಮೋರಿಯ ಮೂಲಕ ವಾಂಡಲ್ ಸೇರಿತು. ನಗರದ ನದಿಗೆ ಪ್ರತಿಯೊಂದು ರಸ್ತೆಯ ಮೋರಿಯೂ ಒಂದು ಉಪನದಿ.

ಕಲ್ಲಿನಡಿಯ ಲೆಕ್ಕ

ಹಾಗಾದರೆ ನದಿಯನ್ನು ದಿನವೂ ಕಾಯುವವರು ಯಾರು? ಸರ್ಕಾರದ ಪ್ರಯೋಗಾಲಯ ನೀರಿನ ಮಾದರಿ ತೆಗೆಯುವುದು ಯಾವಾಗಲೋ ಒಮ್ಮೆ. ರಾತ್ರಿ ಬಿಟ್ಟ ವಿಷ ಬೆಳಗಿನ ಹೊತ್ತಿಗೆ ಸಮುದ್ರದ ದಾರಿ ಹಿಡಿದಿರುತ್ತದೆ. ಮಾರನೆಯ ದಿನ ತೆಗೆದ ಮಾದರಿಯಲ್ಲಿ ಏನೂ ಸಿಗುವುದಿಲ್ಲ. ಆದರೆ ಕಲ್ಲಿನಡಿಯ ಹುಳು ಎಲ್ಲಿಗೂ ಹೋಗಿರುವುದಿಲ್ಲ. ವಿಷ ಹಾದುಹೋಗಿದ್ದರೆ ಅದು ಸತ್ತಿರುತ್ತದೆ.

ನೊಣದ ಗಾಳದವರಿಗೆ ಈ ಹುಳುಗಳ ಜಾತಿ ಕುಲ ಎಲ್ಲ ಬಾಯಿಪಾಠ. ಅವುಗಳ ಗೊಂಬೆ ಕಟ್ಟುವುದೇ ಅವರ ಹವ್ಯಾಸವಲ್ಲವೇ? ಈ ಹವ್ಯಾಸವನ್ನೇ ಬ್ರಿಟನ್ನಿನಲ್ಲಿ ಕಾವಲಿನ ಕೆಲಸಕ್ಕೆ ಹೂಡಲಾಯಿತು. ತರಬೇತಿ ಪಡೆದ ಸ್ವಯಂಸೇವಕರು ಗೊತ್ತಾದ ಜಾಗದಲ್ಲಿ ತಿಂಗಳಿಗೊಮ್ಮೆ ನದಿಗಿಳಿದು, ಬಲೆ ಹಿಡಿದು, 3 ನಿಮಿಷ ಕಾಲಿನಿಂದ ತಳದ ಕಲ್ಲುಗಳನ್ನು ಕೆದಕುತ್ತಾರೆ. ಬಲೆಗೆ ಬಂದ ಹುಳುಗಳನ್ನು ಬಿಳಿಯ ತಟ್ಟೆಗೆ ಸುರಿದು, 8 ಗುಂಪುಗಳಾಗಿ ವಿಂಗಡಿಸಿ ಎಣಿಸುತ್ತಾರೆ. ಎಣಿಕೆ ಗೊತ್ತಾದ ಮಟ್ಟಕ್ಕಿಂತ ಕೆಳಗಿಳಿದರೆ ಕೂಡಲೇ ಪರಿಸರ ಇಲಾಖೆಗೆ ಸುದ್ದಿ ಹೋಗುತ್ತದೆ. ದುಬಾರಿ ಯಂತ್ರವಿಲ್ಲ, ಪ್ರಯೋಗಾಲಯವಿಲ್ಲ. ಬೇಕಾದದ್ದು ತಿಂಗಳು ತಿಂಗಳೂ ತಪ್ಪದೆ ನೀರಿಗಿಳಿಯುವ ಕಾಲು, ನೋಡುವ ಕಣ್ಣು.

ಮೀನಿನ ಬಾಯಿಗೆ ಕೊಕ್ಕೆ ಚುಚ್ಚುವವರು ಮೀನಿನ ರಕ್ಷಕರು ಹೇಗಾಗುತ್ತಾರೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಂದು ವಾಂಡಲ್‌ನಂಥ ಕಡೆ ಗಾಳಗಾರರು ಮುಳ್ಳಿಲ್ಲದ ಕೊಕ್ಕೆ ಬಳಸಿ, ಹಿಡಿದ ಟ್ರೌಟನ್ನು ನೀರಿಗೇ ಬಿಡುತ್ತಾರೆ. ಆದರೂ ತಿನ್ನಲಲ್ಲದೆ ಮೋಜಿಗಾಗಿ ಮೀನನ್ನು ಹಿಂಸಿಸುವುದು ಸರಿಯೇ ಎಂಬ ವಾದ ಅಲ್ಲೂ ನಡೆದೇ ಇದೆ. ಅದೇನೇ ಇರಲಿ, ನದಿ ಕೆಟ್ಟಾಗ ಮೊದಲು ಗಮನಿಸುವವನು, ಮೊದಲು ಸಿಟ್ಟಾಗುವವನು ಅದರ ದಂಡೆಯಲ್ಲಿ ಗಂಟೆಗಟ್ಟಲೆ ಕಳೆಯುವವನೇ ಎಂಬುದು ಮಾತ್ರ ನಿಜ.

ಈ ನಂಟು ನಮಗೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಗಾಳದ ಕೋಲು, ದಾರ, ಕೊಕ್ಕೆ, ಯಾವ ಮೀನಿಗೆ ಯಾವ ಆಹಾರ, ಎಲ್ಲವೂ ಅದರಲ್ಲಿ ಬಂದಿವೆ. ಅಷ್ಟನ್ನು ಬರೆಯಬೇಕಾದರೆ ನೀರನ್ನೂ ಮೀನನ್ನೂ ಎಷ್ಟು ನೋಡಿರಬೇಕು! ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಮಹಾ ಗಾಳಗಾರ. 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವನ 'ದಿ ರಾಡ್ ಇನ್ ಇಂಡಿಯಾ' ಭಾರತದಲ್ಲಿ ಗಾಳ ಹಾಕುವವರಿಗೆ ಕೈಪಿಡಿಯಾಯಿತು. ಅದಕ್ಕೂ ಮುಂಚೆ, 1870ರಲ್ಲಿ, ಜಿಲ್ಲೆಯ ಹೊಳೆಗಳ ಮೀನಿನ ಸ್ಥಿತಿಯ ಬಗ್ಗೆ ವರದಿ ಬರೆದು, ನೀರಿಗೆ ವಿಷ ಹಾಕಿ ಮೀನು ಹಿಡಿಯುವುದರಿಂದ, ಸಣ್ಣ ಕಣ್ಣಿನ ಬಲೆಗಳಿಂದ ಮರಿಗಳ ಸಂತತಿ ನಾಶವಾಗುವುದನ್ನು ಅವನು ಸರ್ಕಾರದ ಗಮನಕ್ಕೆ ತಂದಿದ್ದ. ಸಿಡಿಮದ್ದು, ವಿಷ ಬಳಸಿ ಮೀನು ಹಿಡಿಯುವುದನ್ನು ಅಪರಾಧವೆಂದ ಭಾರತೀಯ ಮೀನುಗಾರಿಕೆ ಕಾಯಿದೆ 1897ರಲ್ಲಿ ಬಂತು. ಗಾಳ ಹಿಡಿದ ಕೈಯೇ ಕಾವಲಿನ ವರದಿಯನ್ನೂ ಬರೆದಿತ್ತು.

ವಾಂಡಲ್‌ನ ಕಥೆ ಹೇಳುವ ಪಾಠ ದೊಡ್ಡ ತತ್ತ್ವವೇನಲ್ಲ. ನದಿಯನ್ನು ಪೂಜಿಸಿದರೆ, ಅದರ ಬಗ್ಗೆ ಮರುಗಿದರೆ ಅದು ಬದುಕುವುದಿಲ್ಲ. ರಸ್ಕಿನ್‌ನಷ್ಟು ಮರುಗಿದವರು ಕಡಿಮೆ. ಕೊಳಚೆ ಶುದ್ಧೀಕರಣಕ್ಕೆ ಹಣ, ತಪ್ಪಿತಸ್ಥರನ್ನು ಹಿಡಿಯುವ ಕಾನೂನು, ನೀರು ಹರಿಯಲು ದಾರಿ, ಇವು ಮೂರೂ ಬೇಕು. ಇವು ಮೂರೂ ಇದ್ದು, ನಾಲ್ಕನೆಯದಾಗಿ ಆ ನದಿಯಿಂದ ತನಗೇನೋ ಬೇಕು ಎನ್ನುವ ಜನ ದಂಡೆಯ ಮೇಲೆ ಇರಬೇಕು. ಒಬ್ಬನಿಗೆ ಈಜಲು ಬೇಕು, ಒಬ್ಬಳಿಗೆ ನಡೆದಾಡಲು ಬೇಕು, ಇನ್ನೊಬ್ಬನಿಗೆ ನೀರಿನ ಮೇಲೆ ಮೂಡುವ ಒಂದು ಉಂಗುರ ಬೇಕು. ಯಾರಿಗೂ ಏನೂ ಬೇಡವಾದ ದಿನ ನದಿ ಚರಂಡಿಯಾಗುತ್ತದೆ. ಲಂಡನ್ನಿನ ಗಾಳಗಾರರಿಗೆ ಬೇಕಾದದ್ದು ಒಂದು ಮೀನು. ಅದನ್ನು ಪಡೆಯಲು ಅವರು ಇಡೀ ನದಿಯನ್ನೇ ಮರಳಿ ತರಬೇಕಾಯಿತು.